ಲ್ಯಾಪ್‌ಟಾಪಿನ ಹೊಟ್ಟ್ಯಾಗಿನ ಬೀಸಣಿಕಿ

ಲ್ಯಾಪ್‌ಟಾಪ್ ಚಾಲೂ ಮಾಡಿ ಅರ್ಧಾ ತಾಸಾತು ಅಂದ್ರ ಒಳಗಿಂದ "ಗುಂಯ್" ಅಂತ ಸಪ್ಪಳ ಶುರು ಆಗ್ತದಲ್ಲಾ, ಇವತ್ತು ಅದರ ಕತಿ. ಆ ಸಪ್ಪಳ ಜೋರಾತು ಅಂದ್ರ ಮನ್ಯಾಗ ಒಬ್ಬರು "ಏನೋ ಕೆಟ್ಟದ" ಅಂತಾರ, ಇನ್ನೊಬ್ಬರು "ಹಳೇದಾತು, ಹೊಸಾದು ತಗೊಳ್ಳೋಣು" ಅಂತಾರ. ಹೊಸಾದಕ್ಕ ಸಾವಿರಗಟ್ಟಲೆ ರೂಪಾಯಿ ಎಣಿಸೋ ಮೊದಲು, ಆ ಸಪ್ಪಳ ಎದರದು, ಅದು ಅಲ್ಲಿಗೆ ಹೆಂಗ ಬಂದು ಕೂತ್ತು ಅಂತ ತಿಳ್ಕೊಂಡ್ರ ಛಲೋ. ಅದು ಅಂಗೈಗಿಂತ ಸಣ್ಣ ಒಂದು ಫ್ಯಾನು. ಅದನ್ನ ತಗದು ಒಗಿಬೇಕು ಅಂತ ದೊಡ್ಡ ದೊಡ್ಡ ಕಂಪನಿಯವರು ಎಷ್ಟೋ ಸಲ ಹಟಾ ಹಿಡದಾರ. ಪ್ರತಿ ಸಲ ಅದು ಹೋದಂಗ ಹೋಗಿ ತಿರುಗಿ ಬಂದದ. ಅದು ಇಲ್ಲದಾಗ ಏನೇನು ಆತು ಅನ್ನೋದೇ ಅದರ ಇತಿಹಾಸ.

ಮೊದಲ ಒಂದು ಮಾತು ಹೇಳಿ ಮುಂದ ಹೋಗ್ತೀನಿ. ಫ್ಯಾನು ತಂಪು ತಯಾರು ಮಾಡೋದಿಲ್ಲ. ಅದು ಗಾಳಿ ಸರಸ್ತದ, ಅಷ್ಟ. ನಮಗ ಫ್ಯಾನಿನ ಕೆಳಗ ಕೂತ್ರ ತಂಪು ಅನಸೋದು ಮೈಮ್ಯಾಲಿನ ಬೆವರು ಆರ್ತದ ಅಂತ. ಲ್ಯಾಪ್‌ಟಾಪಿಗೆ ಬೆವರು ಇಲ್ಲ. ಅದರ ಒಳಗಿನ ಚಿಪ್ಪಿನ ಸುತ್ತ ಬಿಸಿ ಗಾಳಿದೊಂದು ತೆಳು ಹೊದಿಕಿ ಕೂತಿರ್ತದ, ಕೌದಿ ಹೊಚ್ಚಿಧಂಗ. ಫ್ಯಾನು ಆ ಕೌದಿ ಸರಿಸಿ ಹೊಸಾ ಗಾಳಿ ತಂದು ಹಾಕ್ತದ. ಅದಕ್ಕ ರಾಯಚೂರಿನ ಬ್ಯಾಸಗ್ಯಾಗ ಖೋಲಿ 42 ಡಿಗ್ರಿ ಇತ್ತು ಅಂದ್ರ, ಎಷ್ಟು ಜೋರ್ ಫ್ಯಾನು ತಿರುಗಿದ್ರೂ ಚಿಪ್ಪು 42ಕ್ಕಿಂತ ಕೆಳಗ ಇಳಿಯೋದಿಲ್ಲ.

ಇನ್ನ ಈ ಬಿಸಿ ಎಲ್ಲಿಂದ ಬರ್ತದ? ಮಿಕ್ಸರ್ ಕರೆಂಟು ತಿಂದು ಚಟ್ನಿ ಅರದು ಕೊಡ್ತದ, ಗಿರಣಿ ಹಿಟ್ಟು ಬೀಸಿ ಕೊಡ್ತದ. ಚಿಪ್ಪು ಅಂಥಾ ಯಾವ ಭಾರಾನೂ ಎತ್ತೋದಿಲ್ಲ, ಲೆಕ್ಕ ಮಾಡ್ತದ. ಲೆಕ್ಕಕ್ಕ ತೂಕ ಇಲ್ಲ. ಹಿಂಗಾಗಿ ತಿಂದ ಕರೆಂಟು ಕಡೀಗೆ ಎಲ್ಲಾ ಕಾವಾಗಿನ ಹೊರಗ ಬರ್ತದ. ಬಿಸಿ ಗಾಳಿ ಹಗುರ, ತಾನಾಗೇ ಮ್ಯಾಲೆ ಏರ್ತದ. ಅದಕ್ಕ ನಮ್ಮ ಹಿರ್ಯಾರು ಅಡಗಿಮನಿ ಮಾಳಿಗಿಗೆ ಬೆಳಕಿಂಡಿ ಬಿಡ್ತಿದ್ರು. ಆದ್ರ ತಾನಾಗೇ ಏರೋ ಗಾಳಿ ನಿಧಾನ. ಕಾವು ಹೆಚ್ಚಾದ್ರ ಅದು ಸಾಲೋದಿಲ್ಲ. ಬಾಹ್ಯಾಕಾಶ ನಿಲ್ದಾಣದಾಗಂತೂ ಭಾರ ಅನ್ನೋದೇ ತಿಳಿಯೋದಿಲ್ಲ, ಹಂಗಾಗಿ ಬಿಸಿ ಗಾಳಿ ಮ್ಯಾಲೆ ಏರೋದೇ ಇಲ್ಲ. ಅಲ್ಲಿ ಮಲಗೋ ಮನುಷ್ಯಾರಿಗೂ ಫ್ಯಾನು ಬೇಕು, ಇಲ್ಲದಿದ್ರ ಬಿಟ್ಟ ಉಸಿರು ಮುಖದ ಮುಂದ ಹಂಗ ಮುಗ್ಗರಿಸಿ ನಿಲ್ತದ.

ಈಗ ಕತಿಗೆ ಬರೋಣು. 1946ರ ಫೆಬ್ರುವರಿ. ಅಮೆರಿಕಾದ ಫಿಲಡೆಲ್ಫಿಯಾದಾಗ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದೊಳಗ 'ಎನಿಯಾಕ್' ಅನ್ನೋ ಕಂಪ್ಯೂಟರನ್ನ ಜನರಿಗೆ ತೋರಿಸಿದ್ರು. ಅದು ಒಂದು ದೊಡ್ಡ ಖೋಲಿ ತುಂಬ ಇತ್ತು, ತೂಕ ಸುಮಾರು 30 ಟನ್. ಆವಾಗಿನ್ನೂ ಚಿಪ್ಪು ಇರ್ಲಿಲ್ಲ, ಹಳೇ ರೇಡಿಯೋದಾಗ ಇರ್ತಿದ್ದ ಗಾಜಿನ ವಾಲ್ವ್‌ಗಳು ಇದ್ವು. ನೆನಪದನೋ ಇಲ್ಲೋ, ಅಜ್ಜನ ಕಾಲದ ರೇಡಿಯೋ ಚಾಲೂ ಮಾಡಿದ್ರ ಒಳಗ ಕೆಂಪಗ ಕಾದು, ಆಮ್ಯಾಲೆ ದನಿ ಬರ್ತಿತ್ತು. ಅಂಥಾ ವಾಲ್ವ್ ರೇಡಿಯೋದಾಗ ನಾಲ್ಕೈದು ಇದ್ರ, ಎನಿಯಾಕ್‌ನಾಗ ಸುಮಾರು 18,000 ಇದ್ವು. ಅದು ತಿನ್ನೋ ಕರೆಂಟು 150 ಕಿಲೋವ್ಯಾಟ್. 1,000 ವ್ಯಾಟಿನ 150 ಇಸ್ತ್ರಿ ಪೆಟ್ಟಿಗಿ ಒಂದೇ ಖೋಲ್ಯಾಗ ಒಮ್ಮೆಲೇ ಹಚ್ಚಿಟ್ಟಂಗ.

ಅದಕ್ಕ ಎನಿಯಾಕ್‌ನ ಜೋಡಿಗೇ ದೊಡ್ಡ ದೊಡ್ಡ ಬ್ಲೋವರ್‌ಗಳನ್ನೂ ಕಟ್ಟಬೇಕಾತು. ಮಷೀನಿನ ಕಪಾಟಿನೊಳಗ ಗಾಳಿ ನುಗ್ಗಿಸಿ ಬಿಸಿನ್ನ ಹೊರಗ ಹಾಕಲಿಕ್ಕೆ. ಬಿಸಿ ಹದ್ದು ಮೀರಿದ್ರ ತಾನಾಗೇ ಕರೆಂಟು ಕಡಿಯೋ ಥರ್ಮೋಸ್ಟಾಟ್ ಸುದ್ದಾ ಇಟ್ಟಿದ್ರು, ಈಗ ನಮ್ಮ ಇಸ್ತ್ರಿ ಪೆಟ್ಟಿಗ್ಯಾಗ, ಗೀಝರಿನಾಗ ಇರ್ತದಲ್ಲಾ ಹಂಗ. ವಾಲ್ವ್‌ಗಳು ಹೆಚ್ಚಾಗಿ ಸುಟ್ಟು ಹೋಗ್ತಿದ್ದದ್ದು ಚಾಲೂ-ಬಂದ್ ಮಾಡುವಾಗ, ಕಾಯೋ ಮತ್ತು ಆರೋ ಹೊತ್ತಿನಾಗ. ಅದಕ್ಕ ಆದಷ್ಟು ಅದನ್ನ ಬಂದ್ ಮಾಡ್ತಿರ್ಲಿಲ್ಲ.

ಆ ಮಷೀನಿಗೆ ಲೆಕ್ಕ ಹೇಳಿಕೊಡ್ತಿದ್ದವರು ಆರು ಮಂದಿ ಹೆಣ್ಣಮಕ್ಕಳು: ಕೇ ಮ್ಯಾಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಸ್, ರೂತ್ ಲಿಕ್ಟರ್‌ಮನ್. ಜನರ ಮುಂದ ತೋರಿಸಿದ ಲೆಕ್ಕ ತಯಾರು ಮಾಡಿದ್ದು ಜೀನ್ ಮತ್ತ ಬೆಟ್ಟಿ. ಅವತ್ತು ರಾತ್ರಿ ಊಟಕ್ಕ ತಮಗ ಕರೀಲಿಲ್ಲ ಅಂತ ಜೀನ್ ಆಮ್ಯಾಲೆ ಬರಕೊಂಡಾಳ. ಅವರ ಹೆಸರು ಜನಕ್ಕ ಗೊತ್ತಾಗಿ ಮರ್ಯಾದಿ ಸಿಗಲಿಕ್ಕೆ 1997 ಬರಬೇಕಾತು. ಕಂಪ್ಯೂಟರ್ ಅಂದ್ರ ಗಂಡಸರ ಸಾಮಾನು ಅನ್ನೋವರಿಗೆ ಈ ಆರು ಹೆಸರು ಓದಿ ಹೇಳ್ರಿ.

ಮುಂದ ಟ್ರಾನ್ಸಿಸ್ಟರ್ ಬಂದ್ವು, ಮಷೀನು ಸಣ್ಣಾತು. ಸಣ್ಣಾತು ಅಂದ್ರ ಬಿಸಿ ಕಡಿಮಿ ಆತು ಅಂತ ತಿಳೀಬ್ಯಾಡ್ರಿ. ಒಂದು ಸಣ್ಣ ಡಬ್ಬ್ಯಾಗ ಹತ್ತಿರ ಹತ್ತಿರ ತುಂಬಿದ್ರು, ಹಂಗಾಗಿ ಬಿಸಿ ಒಂದೇ ಕಡೆ ಗುಂಪುಗೂಡ್ತು. ಈಗ ಡಬ್ಬಿಯೊಳಗ ಹಿಡಿಸೋವಂಥಾ ಫ್ಯಾನು ಬೇಕಾತು. ಟೇಬಲ್ ಫ್ಯಾನ್ ನೋಡ್ರಿ, ಮುಂದ ರೆಕ್ಕಿ, ಹಿಂದ ಮೋಟಾರಿನ ದೊಡ್ಡ ಗಡ್ಡಿ. ಅಷ್ಟು ಜಾಗ ಡಬ್ಬ್ಯಾಗ ಎಲ್ಲಿಂದ ತರೋದು?

ಉತ್ತರ ನಮ್ಮ ನೆತ್ತಿ ಮ್ಯಾಲೆ ತಿರುಗ್ತಾ ಇತ್ತು. ಮಾಳಿಗಿ ಫ್ಯಾನಿನಾಗ ರೆಕ್ಕಿ ಅಷ್ಟೇ ಅಲ್ಲ, ಅದರ ಹೊಟ್ಟಿನೂ ಕೂಡೇ ತಿರುಗ್ತದ. ನಡುವಿನ ಸುರುಳಿ ನಿಂತಿರ್ತದ, ಹೊರಗಿನ ಡಬ್ಬಿ ತಿರುಗ್ತದ. ಜರ್ಮನಿಯ ಕಪ್ಪು ಕಾಡು ಅನ್ನೋ ಗುಡ್ಡಗಾಡಿನಾಗ ಸೇಂಟ್ ಗೆಯೋರ್ಗನ್ ಅಂತ ಊರು. ಅಲ್ಲಿಯ ಹರ್ಮನ್ ಪಾಪ್ಸ್ಟ್ ಇಂಥಾ ಹೊರಮೈ ತಿರುಗೋ ಮೋಟಾರನ್ನ ಸಣ್ಣ ಗಾತ್ರದಾಗ ನಾಜೂಕಾಗಿ ಮಾಡಿದ. ಗ್ರಾಮೋಫೋನಿಗೆ, ಟೇಪ್ ರೆಕಾರ್ಡರಿಗೆ ಅವು ಹೋದ್ವು, ಮುಂದ ಸಣ್ಣ ಫ್ಯಾನಿಗೂ ಬಂದ್ವು. ಮೋಟಾರು ರೆಕ್ಕಿಯ ನಡುವಿನ ಗುಂಬದೊಳಗೇ ಅಡಗಿ ಕೂತ್ತು, ಹಿಂದಿನ ಗಡ್ಡಿ ಮಾಯ ಆತು.

ಅತ್ತಾಗ ಅಮೆರಿಕಾದ ನ್ಯೂಯಾರ್ಕ್ ರಾಜ್ಯದಾಗ, ವುಡ್‌ಸ್ಟಾಕ್ ಅನ್ನೋ ಸಣ್ಣ ಊರಾಗ ಕಾನ್‌ಸ್ಟಂಟ್ ವಾನ್ ರೈನ್ ಅನ್ನಾಂವ ರೋಟ್ರಾನ್ ಅಂತ ಕಂಪನಿ ಕಟ್ಟಿದ. ಅವರ ಒಂದು ಫ್ಯಾನಿನ ಹೆಸರೇ 'ಮಫಿನ್', ಬೇಕರ್ಯಾಗ ಸಿಗೋ ಕಪ್ ಕೇಕಿನಂಥಾ ತಿನಿಸಿನ ಹೆಸರು. ಸುಮಾರು 12 ಸೆಂಟಿಮೀಟರ್ ಚೌಕ, ನಾಲ್ಕು ಸೆಂಟಿಮೀಟರಿಗಿಂತ ಕಡಿಮಿ ದಪ್ಪ, ನಾಲ್ಕು ಮೂಲ್ಯಾಗ ಸ್ಕ್ರೂ ಹಾಕಲಿಕ್ಕೆ ತೂತು. ಇವತ್ತು ಅಂಗಡ್ಯಾಗ 120 ಮಿಲಿಮೀಟರಿನ ಕಂಪ್ಯೂಟರ್ ಫ್ಯಾನು ಕೇಳ್ರಿ, ಹೆಚ್ಚುಕಡಿಮಿ ಅದೇ ಅಳತಿ, ಸ್ಕ್ರೂ ತೂತುಗಳ ನಡುವ ಅದೇ 105 ಮಿಲಿಮೀಟರ್. ನಮ್ಮಲ್ಲಿ ಸೇರು-ಪಾವು ಹೋಗಿ ಕಿಲೋ ಬಂತು, ಆ ಅಳತಿ ಮಾತ್ರ ಬದಲಾಗಿಲ್ಲ.

ಇಲ್ಲಿಗೆ ಫ್ಯಾನು ಬ್ಯಾಡ ಅನ್ನೋವರ ಕತಿ ಶುರು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ಫ್ಯಾನಿನ ಸಪ್ಪಳ ಅಂದ್ರ ಆಗ್ತಿರ್ಲಿಲ್ಲ. ಮನ್ಯಾಗ ಇಡೋ ಸಾಮಾನು ಸುಮ್ಮನಿರಬೇಕು ಅನ್ನೋದು ಅವನ ವಾದ. ಆ ವಾದದಾಗ ತಪ್ಪೇನೂ ಇಲ್ಲ, ಮನಿ ಅಂದ್ಮ್ಯಾಲೆ ಶಾಂತ ಇರಬೇಕು. 1977ರ ಆಪಲ್ 2 ಫ್ಯಾನಿಲ್ಲದೇ ಬಂತು. ರಾಡ್ ಹೋಲ್ಟ್ ಅನ್ನೋ ಎಂಜಿನಿಯರ್ ಕಡಿಮಿ ಕಾಯೋವಂಥಾ ಪವರ್ ಸಪ್ಲೈ ಮಾಡಿದ್ದಕ್ಕ ಅದು ನಡೀತು. ಆದ್ರ ಜನ ಅದರೊಳಗ ಮ್ಯಾಲಿಂದ ಮ್ಯಾಲೆ ಕಾರ್ಡು ತುಂಬಿದ್ರು, ಬಿಸಿ ಹೆಚ್ಚಾತು. ಕೆನ್ಸಿಂಗ್ಟನ್ ಅನ್ನೋ ಬ್ಯಾರೆ ಕಂಪನಿಯವರು ಅದರ ಮಗ್ಗಲಿಗೆ ಸಿಗಿಸೋ ಫ್ಯಾನು ಮಾರಲಿಕ್ಕೆ ನಿಂತ್ರು.

1980ರಾಗ ಆಪಲ್ 3 ಬಂತು. ಇದಕ್ಕೂ ಫ್ಯಾನಿಲ್ಲ, ಗಾಳಿ ಆಡಲಿಕ್ಕೆ ಕಿಂಡಿನೂ ಇಲ್ಲ. ಅಲ್ಯುಮಿನಿಯಮ್ಮಿನ ದಪ್ಪ ತಳಾನೇ ಬಿಸಿ ಹೀರ್ಕೊಳ್ತದ ಅಂದ್ರು. ಒಳಗಿನ ಚಿಪ್ಪುಗಳು ಕಾದು, ಆರಿ, ಮತ್ತ ಕಾದು, ತಮ್ಮ ಜಾಗಾದಿಂದ ಸಡಲಾಗಿ ಮ್ಯಾಲೆ ಬಂದ್ವು. ಅದಕ್ಕ ಮಂದಿಗೆ ಹೇಳಿದ ಔಷಧ ಏನಂದ್ರ: ಮಷೀನನ್ನ ಎರಡು-ಮೂರು ಇಂಚು ಎತ್ತಿ ಮೇಜಿನ ಮ್ಯಾಲೆ ಧೊಪ್ಪ ಅಂತ ಕೈಬಿಡ್ರಿ, ಚಿಪ್ಪು ಕೆಳಗ ಕೂಡ್ತಾವ! ನಮ್ಮಲ್ಲಿ ಟೀವಿಗೆ ಮಗ್ಗಲಿಗೆ ಹೊಡೀತಿದ್ವಲ್ಲಾ, ಅದರ ಅಣ್ಣ ಇದು. ಬಿಸಿ ಒಂದೇ ಕಾರಣ ಅಲ್ಲ, ಒಳಗಿನ ಬೋರ್ಡಿನ ರಚನಾನೂ ಸರಿ ಇರ್ಲಿಲ್ಲ ಅಂತ ಅದನ್ನ ಮಾಡಿದವರೊಳಗೇ ವಾದ ಅದ. ಏನಿದ್ರೂ ಮೊದಲ ಮಾರಿದ ಸುಮಾರು 14,000 ಮಷೀನು ಬದಲಿ ಮಾಡಿ ಕೊಡಬೇಕಾತು, 1984ರಾಗ ಆಪಲ್ 3 ಬಂದ್ ಆತು.

ಅದೇ 1984ರಾಗ ಮ್ಯಾಕಿಂತೋಷ್ ಬಂತು, ಮತ್ತ ಫ್ಯಾನಿಲ್ಲ. ಈ ಸಲ ಮ್ಯಾಲೆ ಕಿಂಡಿ ಬಿಟ್ಟಿದ್ರು, ನಮ್ಮ ಬೆಳಕಿಂಡಿ ಲೆಕ್ಕ. ಜನ ಅದಕ್ಕ ಬ್ರೆಡ್ ಸುಡೋ ಟೋಸ್ಟರ್ ಅಂತ ಅಡ್ಡಹೆಸರಿಟ್ರು. ಮ್ಯಾಲಿನ ಕಿಂಡಿಗೆ ರಟ್ಟಿನ ಹೊಗೆಗೊಳವಿ ನಿಂದರಿಸಿ, ಬಿಸಿ ಗಾಳಿ ಬೇಗ ಏರಲಿ ಅಂತ ಮಾರಿದವರೂ ಇದ್ರು. 1985ರಾಗ ಜಾಬ್ಸ್ ಕಂಪನಿ ಬಿಟ್ಟ. 1987ರಾಗ ಬಂದ ಮ್ಯಾಕಿಂತೋಷ್ ಎಸ್‌ಇಯೊಳಗ ಫ್ಯಾನು ಹಾಜರ್. ಜಾಬ್ಸ್ ತಿರುಗಿ ಬಂದ ಮ್ಯಾಲೆ 2000ದಾಗ ಮತ್ತ ಫ್ಯಾನಿಲ್ಲದ ಚಂದದೊಂದು ಚೌಕ ಡಬ್ಬಿ ಮಾಡಿಸಿದ, ಅದಕ್ಕ 'ಕ್ಯೂಬ್' ಅಂತ ಹೆಸರು. ಅದು ತುಟ್ಟಿನೂ ಆತು, ಒಂದು ವರ್ಷಕ್ಕ ನಿಂತೂ ಹೋತು. ಅತ್ತ 1981ರಾಗ ಬಂದ ಐಬಿಎಂ ಪಿಸಿ ನೋಡ್ರಿ, ಚಂದಿಲ್ಲ ಚಾರಿಲ್ಲ, ಹಿಂದ ಪವರ್ ಸಪ್ಲೈದಾಗ ಫ್ಯಾನು ಗುರ್ರ್ ಅಂತಿತ್ತು. ಆಫೀಸಿನಾಗ, ಬ್ಯಾಂಕಿನಾಗ ಮುಂದ ವರ್ಷಗಟ್ಟಲೆ ನಡದದ್ದು ಅದರ ಬಳಗಾನೇ.

ಈ ಹೊತ್ತಿಗೆ ಫ್ಯಾನಿನ ಒಳಗೂ ಒಂದು ಬದಲಾವಣಿ ಆಗಿತ್ತು. ಮಿಕ್ಸರ್ ತಿರುಗುವಾಗ ಕೆಳಗ ಇಣುಕಿ ನೋಡಿದ್ರ ನೀಲಿ ಕಿಡಿ ಕಾಣ್ತದ. ಮೋಟಾರಿಗೆ ತಿಕ್ಕಿಕೊಂಡಿರೋ ಕಾರ್ಬನ್ ಬ್ರಶ್ಶಿನ ಕಿಡಿ ಅದು. ಬ್ರಶ್ ಸವದ್ರ ರಿಪೇರಿಯವ ಬದಲಿ ಹಾಕಿ ಕೊಡ್ತಾನ. ಮಿಕ್ಸರ್ ಹಚ್ಚಿದ್ರ ರೇಡಿಯೋ ಗರಗರ ಅಂತಿದ್ದದ್ದೂ ಅದೇ ಕಿಡಿಯಿಂದ. ಅಂಥಾ ಮೋಟಾರು ನಾಜೂಕು ಚಿಪ್ಪಿನ ಮಗ್ಗಲಿಗೆ ನಡಿಯೋದಿಲ್ಲ. 1879ರಾಗ ಎಡ್ವಿನ್ ಹಾಲ್ ಅನ್ನೋ ಅಮೆರಿಕಾದ ವಿದ್ಯಾರ್ಥಿ, ಕರೆಂಟು ಹರಿಯೋ ತಗಡಿನ ಹತ್ತಿರ ಅಯಸ್ಕಾಂತ ತಂದ್ರ ತಗಡಿನ ಅಡ್ಡ ಮಗ್ಗಲಿಗೆ ಸಣ್ಣದೊಂದು ವೋಲ್ಟೇಜ್ ಹುಟ್ಟತದ ಅಂತ ಕಂಡುಹಿಡಿದಿದ್ದ. ಆವಾಗ ಅದರಿಂದ ಯಾರಿಗೂ ಉಪಯೋಗ ಇರ್ಲಿಲ್ಲ. 1962ರಾಗ ವಿಲ್ಸನ್ ಮತ್ತ ಟ್ರಿಕೀ ಅನ್ನೋ ಇಬ್ಬರು ಬ್ರಶ್ ಇಲ್ಲದ ಡಿಸಿ ಮೋಟಾರಿನ ರೀತಿ ತೋರಿಸಿದ್ರು. ಎರಡೂ ಕೂಡಿ ಈಗಿನ ಸಣ್ಣ ಫ್ಯಾನು ಆದದ. ರೆಕ್ಕಿಯ ಗುಂಬದಾಗ ಅಯಸ್ಕಾಂತದ ಬಳಿ, ಒಳಗ ತಂತಿ ಸುರುಳಿ, ನಡುವ ಹಾಲ್ ಹೆಸರಿನ ಒಂದು ಸಣ್ಣ ಕಾವಲುಗಾರ. ಅಯಸ್ಕಾಂತದ ಯಾವ ತುದಿ ಎದುರಿಗೆ ಬಂತು ಅಂತ ಅದು ಹೇಳ್ತದ, ಅದರ ಮ್ಯಾಲೆ ಕರೆಂಟು ದಿಕ್ಕು ಬದಲಸ್ತದ. ಕಿಡಿ ಇಲ್ಲ, ಸವಿಯೋ ಬ್ರಶ್ ಇಲ್ಲ, ಸವಿಯೋದು ಬೇರಿಂಗ್ ಒಂದೇ.

1993ರಾಗ ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ಪು ಬಂತು, ಸುಮಾರು 15 ವ್ಯಾಟ್ ಕಾವು. ಡಬ್ಬಿಗೊಂದು ಫ್ಯಾನು ಸಾಲದೇ ಚಿಪ್ಪಿನ ತಲಿ ಮ್ಯಾಲೆನೂ ಒಂದು ಫ್ಯಾನು ಕೂತ್ತು. ಹತ್ತು ವರ್ಷದಾಗ ಪೆಂಟಿಯಂ 4 ನೂರು ವ್ಯಾಟ್ ದಾಟ್ತು. ಎನಿಯಾಕ್‌ನ 150 ಕಿಲೋವ್ಯಾಟನ್ನ 18,000 ವಾಲ್ವಿಗೆ ಹಂಚಿದ್ರ ಒಂದಕ್ಕ ಸುಮಾರು 8 ವ್ಯಾಟ್ ಬರ್ತದ. ಈಗ ಉಗುರಿನಷ್ಟು ಜಾಗಾದಾಗ ಅದರ ಹತ್ತು-ಹನ್ನೆರಡು ಪಟ್ಟು! ಹಿಂಗೇ ಹೋದ್ರ ಚಿಪ್ಪಿನ ಮೈ ಅಣುಸ್ಥಾವರದ ಹಂಗ ಕಾದೀತು ಅಂತ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ 2001ರಾಗೇ ಎಚ್ಚರಿಸಿದ್ದ. 2004ರಾಗ ಆ ಕಂಪನಿ ಮುಂದಿನ ವೇಗದ ಚಿಪ್ಪಿನ ಯೋಜನಾ ರದ್ದು ಮಾಡಿ, ಒಂದೇ ಚಿಪ್ಪಿನಾಗ ಎರಡು ಮೆದುಳು ಇಟ್ಟು ನಿಧಾನ ಓಡಿಸೋ ದಾರಿ ಹಿಡೀತು. ಒಬ್ಬಾಕಿನ್ನ ಓಡಿಸಿ ಓಡಿಸಿ ದಣಿಸೋದಕ್ಕಿಂತ ಇಬ್ಬರು ಕೂಡಿ ರೊಟ್ಟಿ ಬಡಿದ್ರ ಆರಾಮ, ಅಲ್ಲೇನ್ರಿ? ಜಾಹೀರಾತಿನಾಗ 'ಡ್ಯುಯಲ್ ಕೋರ್' ಅಂತ ಬರೀತಿದ್ದದ್ದು ಇದನ್ನೇ. ಫ್ಯಾನು ಸೋತಲ್ಲೇ ಕಂಪ್ಯೂಟರಿನ ಇತಿಹಾಸ ಮಗ್ಗಲು ಬದಲಿಸ್ತು.

ಲ್ಯಾಪ್‌ಟಾಪಿನಾಗ ಜಾಗ ಇನ್ನೂ ಕಡಿಮಿ. ಅಲ್ಲಿ ಚಿಪ್ಪು ಒಂದು ಕಡೆ, ಫ್ಯಾನು ಇನ್ನೊಂದು ಕಡೆ. ನಡುವ ಬಿಸಿ ಹೊತ್ತು ಒಯ್ಯೋದು ಒಂದು ಚಪ್ಪಟಿ ತಾಮ್ರದ ಕೊಳವಿ, ಅದಕ್ಕ ಹೀಟ್ ಪೈಪ್ ಅಂತಾರ. 1963ರಾಗ ಲಾಸ್ ಅಲಮೋಸ್‌ನ ಜಾರ್ಜ್ ಗ್ರೋವರ್ ಇದನ್ನ ಮಾಡಿ ತೋರಿಸಿದ, ಬಾಹ್ಯಾಕಾಶದ ಕೆಲಸಕ್ಕ. ಕೊಳವಿಯೊಳಗಿನ ಗಾಳಿ ತಗದು ಚೂರು ನೀರು ಹಾಕಿ ಮುಚ್ಚಿರ್ತಾರ. ಬಿಸಿ ತುದಿಯಾಗ ನೀರು ಉಗಿ ಆಗ್ತದ, ತಂಪು ತುದಿಗೆ ಹೋಗಿ ಹನಿ ಆಗ್ತದ, ತಿರುಗಿ ಹರದು ಬರ್ತದ. ಇಡ್ಲಿ ಪಾತ್ರಿ ಮುಚ್ಚಳ ತಗದಾಗ ಕೆಳಗ ಹನಿ ಇರ್ತಾವಲ್ಲಾ, ಅದೇ ಆಟ. ಆ ತಂಪು ತುದಿಗೆ ತೆಳು ತೆಳು ತಾಮ್ರದ ಎಲಿ ಜೋಡಿಸಿರ್ತಾರ. ಅದರ ಮಗ್ಗಲಿಗೆ ನಮ್ಮ ಫ್ಯಾನು ಕೂತು, ಕೆಳಗಿಂದ ಗಾಳಿ ಎಳಕೊಂಡು ಆ ಎಲಿಗಳ ನಡುವ ಹಾಸಿ ಹೊರಗ ದಬ್ಬತದ.

"ಕೆಳಗಿಂದ" ಅಂದೆ, ಅಲ್ಲೇ ನಮ್ಮ ಮನಿ ಸಮಸ್ಯಾ ಇರೋದು. ಲ್ಯಾಪ್‌ಟಾಪನ್ನ ಗಾದಿ ಮ್ಯಾಲೆ, ಕೌದಿ ಮ್ಯಾಲೆ ಇಟ್ರ ಗಾಳಿ ಎಳೆಯೋ ಜಾಳಿಗಿ ಬಂದ್. ಮೂಗು ಮುಚ್ಚಿ ಓಡು ಅಂದಂಗ. ಸಣ್ಣ ಫ್ಯಾನಿನ ಇನ್ನೊಂದು ಕಷ್ಟ ಕೇಳ್ರಿ: ಅಗಲ, ದಪ್ಪ ಎಲ್ಲಾ ಅರ್ಧ ಮಾಡಿ ಅದೇ ವೇಗಕ್ಕ ತಿರುಗಿಸಿದ್ರ, ಸರಿಯೋ ಗಾಳಿ ಅರ್ಧ ಅಲ್ಲ, ಎಂಟನೇ ಒಂದು ಪಾಲು. ಅದನ್ನ ತುಂಬಲಿಕ್ಕೆ ಅದು ಭರ್ರ್ ಅಂತ ಓಡಬೇಕು, ಅದಕ್ಕ ಆ ಸಪ್ಪಳ. ಸಪ್ಪಳ ಕಡಿಮಿ ಮಾಡಲಿಕ್ಕೆ ರೆಕ್ಕಿ ಏಳು, ಒಂಬತ್ತು ಹಿಂಗ ಬೆಸ ಸಂಖ್ಯಾದಾಗ ಇಡ್ತಾರ, ಎಲ್ಲಾ ರೆಕ್ಕಿ ಒಮ್ಮೆಲೇ ಚೌಕಟ್ಟಿನ ಕಂಬ ದಾಟಬಾರದು ಅಂತ. 2012ರ ಮ್ಯಾಕ್‌ಬುಕ್ ಪ್ರೋದಾಗ ರೆಕ್ಕಿಗಳ ನಡುವಿನ ಅಂತರಾನೇ ಹೆಚ್ಚುಕಡಿಮಿ ಮಾಡಿದ್ರು. ಸಪ್ಪಳ ಒಂದೇ ಶೃತಿಗೆ ಕೂಡದೇ ಚದರಿ ಹೋದ್ರ ಕಿವಿಗೆ ಚುಚ್ಚೋದಿಲ್ಲ.

ಮುಂದ ಫೋನಿಗೂ ಬಂತು. 2019ರಾಗ ನೂಬಿಯಾ ಕಂಪನಿಯ ರೆಡ್ ಮ್ಯಾಜಿಕ್ 3 ಅನ್ನೋ ಆಟದ ಫೋನಿನೊಳಗ ಸಣ್ಣ ಫ್ಯಾನು ಕೂಡಿಸಿದ್ರು. ಈಗ ತಿರುಗೋ ರೆಕ್ಕಿನೇ ಬ್ಯಾಡ ಅನ್ನೋವರು ಬಂದಾರ. 2012ರಾಗ ಜನರಲ್ ಎಲೆಕ್ಟ್ರಿಕ್ ಕಂಪನಿ ಕಮ್ಮಾರನ ತಿದಿಯಂಥಾ ಒಂದು ತೆಳು ಸಾಮಾನು ತೋರಿಸ್ತು, ಕರೆಂಟು ಕೊಟ್ರ ಹಿಗ್ಗಿ ಕುಗ್ಗಿ ಗಾಳಿ ಊದ್ತದ. 2022ರ ಡಿಸೆಂಬರಿನಾಗ ಅಮೆರಿಕಾದ ಫ್ರೋರ್ ಅನ್ನೋ ಕಂಪನಿ 'ಏರ್‌ಜೆಟ್' ತಂತು. ಬರೇ 2.8 ಮಿಲಿಮೀಟರ್ ದಪ್ಪ. ಒಳಗ ತೆಳು ಪರದೆಗಳು ನಮ್ಮ ಕಿವಿಗೆ ಕೇಳದಷ್ಟು ವೇಗದಾಗ ನಡುಗಿ, ಮ್ಯಾಲಿಂದ ಗಾಳಿ ಎಳದು, ಸಣ್ಣ ತೂತಿನಿಂದ ಬಿಸಿ ತಾಮ್ರದ ಮ್ಯಾಲೆ ಚಿಮ್ಮಸ್ತಾವ. ಬೀಸಣಿಕಿ ಹೋಗಿ ಊದುಗೊಳವಿ ಬಂದಂಗ! 2024ರಾಗ ಎಕ್ಸ್‌ಮೆಮ್ಸ್ ಕಂಪನಿ ಇನ್ನೂ ಮುಂದ ಹೋಗಿ, ಸಿಲಿಕಾನ್ ಚಿಪ್ಪನ್ನೇ ಫ್ಯಾನು ಮಾಡೇವಿ ಅಂತು, 1.08 ಮಿಲಿಮೀಟರ್ ದಪ್ಪ.

ಇವೆಲ್ಲಾ ಛಲೋ. ಕೆಲವು ಲ್ಯಾಪ್‌ಟಾಪಿಗೆ ಫ್ಯಾನು ಬ್ಯಾಡಾಗೇದ ಅನ್ನೋದೂ ಖರೇ, 2020ರ ಮ್ಯಾಕ್‌ಬುಕ್ ಏರ್‌ನ ಎಂ1 ಚಿಪ್ಪು ಕಡಿಮಿ ಕರೆಂಟಿನಾಗ ಕೆಲಸ ಮಾಡಿ ಫ್ಯಾನು ಇಲ್ಲದೇ ನಡೀತು. ಜಾಬ್ಸ್‌ನ ಆಶಾ ಈಡೇರಿದ್ದು ಹಿಂಗ: ಬಿಸಿನ್ನ ಮುಚ್ಚಿಟ್ಟು ಅಲ್ಲ, ಬಿಸಿ ಹುಟ್ಟೋದನ್ನೇ ಕಡಿಮಿ ಮಾಡಿ. ಆದ್ರ ಅದರೊಳಗೂ ಭಾಳ ಹೊತ್ತು ಭಾರೀ ಕೆಲಸ ಕೊಟ್ರ ಚಿಪ್ಪು ತಾನಾಗೇ ನಿಧಾನ ಆಗ್ತದ. ಹೊಸಾ ಊದುಗೊಳವಿ ಚಿಪ್ಪು ಕೆಟ್ರ ಓಣಿಯ ರಿಪೇರಿಯವ ಕೈಹಾಕೋ ಸಾಮಾನೂ ಅಲ್ಲ. ಈಗಿನ ಫ್ಯಾನು ನಮ್ಮ ಕೈಯಳತಿಯೊಳಗ ಅದ, ಬಿಚ್ಚಬಹುದು, ಒರಸಬಹುದು, ಬದಲಿ ಹಾಕಬಹುದು.

ಇದನ್ನ ಬರಿಯೋ ಕಾರಣಾನೂ ಇದೇ. ಬಿಸಿ ಹೆಚ್ಚಾದ್ರ ಚಿಪ್ಪು ತನ್ನನ್ನ ಉಳಿಸ್ಕೊಳ್ಳಲಿಕ್ಕೆ ನಿಧಾನ ಆಗ್ತದ. ನಾವು ನೋಡೋರಿಗೆ ಲ್ಯಾಪ್‌ಟಾಪ್ ಮುದಿ ಆಧಂಗ ಕಾಣ್ತದ. ಎಷ್ಟೋ ಸಲ ಒಳಗ ನೋಡಿದ್ರ ತಾಮ್ರದ ಎಲಿಗಳ ಮುಂದ ಧೂಳು, ಕೂದಲು, ಅರಳಿ ಸೇರಿ ಕಂಬಳಿ ನೇಯ್ದಿರ್ತದ. ಮನಿಯಿಂದ ಕೆಲಸ ಮಾಡೋ ಸೊಸಿ, ಹೊಲಿಗಿ ಲೆಕ್ಕ ಬರದಿಡೋ ವೈನಿ, ಪರೀಕ್ಷಾಕ್ಕ ಓದೋ ಮಗಳು, ಇವರ ದುಡಿಮಿ ಆ ಕಂಬಳಿಗೆ ಸಿಕ್ಕೊಂಡಿರ್ತದ. ಅದಕ್ಕ ಇಷ್ಟು ಮಾಡ್ರಿ. ಲ್ಯಾಪ್‌ಟಾಪನ್ನ ಗಟ್ಟಿ ಮಣಿ ಇಲ್ಲಾ ಹಲಗಿ ಮ್ಯಾಲೆ ಇಡ್ರಿ. ಗಾಳಿ ಹೊರಗ ಬರೋ ಜಾಳಿಗಿಗೆ ಕೈ ಹಿಡದು ನೋಡ್ರಿ. ಸಪ್ಪಳ ಜೋರದ, ಗಾಳಿ ಮಾತ್ರ ಬರವಲ್ಲದು ಅಂದ್ರ ಧೂಳು ಕೂತದ. ಗರಗರ ತಿಕ್ಕಿಧಂಗ ಸಪ್ಪಳ ಬಂದ್ರ ಬೇರಿಂಗ್ ಸವದದ, ಫ್ಯಾನು ಬದಲಿಸಬೇಕು, ಪೂರಾ ಲ್ಯಾಪ್‌ಟಾಪ್ ಅಲ್ಲ. ಗೊತ್ತಿದ್ದವರ ಕೈಲೆ ಬಿಚ್ಚಿಸಿ ಸ್ವಚ್ಛ ಮಾಡಸ್ರಿ. ಜೋರ್ ಗಾಳಿ ಹೊಡಿಯುವಾಗ ರೆಕ್ಕಿನ್ನ ಒಂದು ಕಡ್ಡಿಲೆ ಹಿಡಕೋ ಅಂತ ಹೇಳ್ರಿ, ಇಲ್ಲಾಂದ್ರ ಅದು ಹದ್ದು ಮೀರಿ ತಿರುಗಿ ಬೇರಿಂಗ್ ಹಾಳಾಗ್ತದ.

ಖಂಡೇ ಪೂಜಿಗೆ ಮಿಕ್ಸರ್, ಹೊಲಿಗಿ ಮಷೀನು, ಸ್ಕೂಟಿ ಜೋಡಿ ಲ್ಯಾಪ್‌ಟಾಪಿಗೂ ಹೂವು ಏರಿಸ್ತೀವಿ. ಈ ಸಲ ಅದರ ಹಿಂದಿನ ದಿನ ಆ ಸಣ್ಣ ಬೀಸಣಿಕಿ ಧೂಳು ತಗಸ್ರಿ. ಕುಂಕುಮಾನೂ ಮುಚ್ಚಳದ ಮ್ಯಾಲೆ ಹಚ್ರಿ, ಜಾಳಿಗಿ ಕಡೆ ಬ್ಯಾಡ.